ಫ್ಲೆಕ್ಸ್ ಬಂದ ಮೇಲೂ ಬ್ರಶ್ ಬಿಡಲಿಲ್ಲ

ದಾವಣಗೆರೆಯಲ್ಲಿ ಬೋರ್ಡ್ ಬರೆಯುವುದು ನನ್ನ ಕಸುಬು. ಹುಡುಗನಿದ್ದಾಗ ಒಬ್ಬ ಆರ್ಟಿಸ್ಟ್ ಹತ್ತಿರ ಬ್ರಶ್ ತೊಳೆಯಲು ಸೇರಿದೆ. ತುಂಬಾ ದಿನ ಸೀಮೆಎಣ್ಣೆ ವಾಸನೆಯೇ ಸಂಬಳ. ಆಮೇಲೆ ತಗಡಿಗೆ ರೆಡ್ ಆಕ್ಸೈಡ್ ಹೊಡೆಯಲು ಬಿಟ್ಟರು. ಅಕ್ಷರ ಕೈಗೆ ಸಿಕ್ಕಿದ್ದು ಕೊನೆಗೆ.

ಇಂಗ್ಲಿಷ್ ದೊಡ್ಡಕ್ಷರ ಎರಡು ಗೆರೆ ನಡುವೆ ಸುಮ್ನೆ ಕೂರುತ್ತದೆ. ‘ಶ್ರೀ ವೆಂಕಟೇಶ್ವರ ಸ್ಟೋರ್ಸ್’ ಬರೆಯಿರಿ ನೋಡೋಣ! ಕೆಳಗೆ ಒತ್ತು ಇಳಿಯುತ್ತದೆ, ಪಕ್ಕದಲ್ಲಿ ದೀರ್ಘ ಚಾಚುತ್ತದೆ. ಅದಕ್ಕೇ ನಾನು ಮೊದಲು ಒತ್ತಿಗೆ ಜಾಗ ಬಿಡುತ್ತೇನೆ. ಅಕ್ಷರ ಎರಡು ಪಾಲಾದರೆ ಒತ್ತು ಒಂದು ಪಾಲು. ಸೀಮೆಸುಣ್ಣ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಟಪ್ ಅಂತ ಬಿಟ್ಟರೆ ಗೆರೆ ಮೂಡುತ್ತದೆ. ಎನಾಮೆಲ್‌ಗೆ ಟರ್ಪೆಂಟೈನ್ ಜಾಸ್ತಿಯಾದರೆ ಬಣ್ಣ ಸೋರುತ್ತದೆ, ಕಡಿಮೆಯಾದರೆ ಬ್ರಶ್ ಎಳೆಯುವುದಿಲ್ಲ. ಕೈ ಊರಲು ತುದಿಗೆ ಬಟ್ಟೆ ಸುತ್ತಿದ ಕೋಲು ಬೇಕು. ‘ಶ’ದ ಹೊಟ್ಟೆಯನ್ನು ನಡುವೆ ಬ್ರಶ್ ಎತ್ತದೆ ತಿರುಗಿಸಬೇಕು. ಎತ್ತಿದರೆ ಆ ಜಾಗದಲ್ಲಿ ಗಂಟು ಕಾಣುತ್ತದೆ.

ಮೊದಲ ಪೆಟ್ಟು ಚುನಾವಣೆಯದು. 1990ರ ದಶಕದಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಪ್ರಚಾರದ ನಿಯಮ ಬಿಗಿ ಮಾಡಿದ ಮೇಲೆ ಗೋಡೆ ಬರಹದ ಕೆಲಸ ಕುಸಿಯಿತು. ಆಮೇಲೆ ಫ್ಲೆಕ್ಸ್ ಬಂತು. ನಾನು ಪ್ರೈಮರ್ ಒಣಗಲು ಕಾಯುವಷ್ಟರಲ್ಲಿ ಅವರು ಫೋಟೊ ಸಮೇತ ಬೋರ್ಡ್ ಕಟ್ಟಿ ಮುಗಿಸುತ್ತಿದ್ದರು. ನಮ್ಮ ಜೊತೆಯವರಲ್ಲಿ ಒಬ್ಬ ಆಟೊ ಹಿಡಿದ, ಇನ್ನೊಬ್ಬ ಸಾಲ ಮಾಡಿ ಫ್ಲೆಕ್ಸ್ ಮೆಷಿನ್ ತಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಮನೆ ನಡೀಬೇಕಲ್ವಾ? 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಖುಷಿಪಟ್ಟೆವು. ಫ್ಲೆಕ್ಸ್ ಮಾತ್ರ ಊರು ಬಿಟ್ಟು ಹೋಗಲಿಲ್ಲ.

ನಾನು ಹಳ್ಳಿ ಕಡೆ ತಿರುಗಿದೆ. ಟ್ರ್ಯಾಕ್ಟರ್ ಟ್ರೈಲರ್ ನಂಬರ್, ಜಾತ್ರೆಗೆ ಮುಂಚೆ ದೇವಸ್ಥಾನದ ಗೋಡೆ, ಪಂಚಾಯಿತಿಯ ಶೌಚಾಲಯದ ಘೋಷಣೆ, ಏನು ಸಿಕ್ಕರೂ ಬರೆದೆ. ಇದು ಕಲೆ ಹೌದೋ ಅಲ್ಲವೋ ಅನ್ನುವ ವಾದ ಹೊಟ್ಟೆ ತುಂಬಿದವರಿಗೆ ಬಿಟ್ಟಿದ್ದು. ಒಂದು ಪಂಚಾಯಿತಿಯ ಬಿಲ್ಲು ಎಷ್ಟು ತಡವಾಯಿತೆಂದರೆ, ದುಡ್ಡು ಬರುವಷ್ಟರಲ್ಲಿ ಬರಹ ಮಾಸಿತ್ತು. ಅಂದಿನಿಂದ ಬಣ್ಣದ ದುಡ್ಡು ಮುಂಗಡ ಕೈಗೆ ಬರದೆ ಡಬ್ಬಿ ತೆಗೆಯುವುದಿಲ್ಲ.

ಹೆಚ್ಚು ಕೈಹಿಡಿದಿದ್ದು ಸರ್ಕಾರಿ ಶಾಲೆಗಳು. ವರ್ಣಮಾಲೆ, ಮಗ್ಗಿ, ಕರ್ನಾಟಕದ ನಕ್ಷೆ. ಇದರಲ್ಲಿ ಹರಪನಹಳ್ಳಿಯಿಂದ ನನಗೆ ಆದ ಲಾಭ ಯಾರಿಗೂ ಆಗಿರಲಿಕ್ಕಿಲ್ಲ! 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕು ಬಳ್ಳಾರಿಯಿಂದ ನಮಗೆ ಬಂತು. ಆಮೇಲೆ ತಿರುಗಿ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಗಡಿ ಬದಲಾದಾಗಲೆಲ್ಲ ಯಾರಾದರೂ ಹೆಡ್‌ಮೇಷ್ಟ್ರು ಫೋನ್ ಮಾಡುತ್ತಾರೆ. ಹಳೇ ಗೆರೆ ಮುಚ್ಚಿ, ತಾಲ್ಲೂಕಿಗೆ ಬಣ್ಣ ಬದಲಿಸಿ, ಹೊಸ ಗೆರೆ ಎಳೆದು ಬರುತ್ತೇನೆ. ಪೂರ್ತಿ ನಕ್ಷೆಯ ಅರ್ಧ ರೇಟು, ಬಸ್ ಚಾರ್ಜು ಬೇರೆ.