ಸುಸ್ತಿ ನೋಟಿಸು ಬಿಟ್ಟು ಅರ್ಧ ಹಾಳೆ ಚೀಟಿ ಬರೆದೆ

ನಮ್ಮದು ಮಲೆನಾಡಿನ ಒಂದು ಸಣ್ಣ ಕೃಷಿ ಪತ್ತಿನ ಸಹಕಾರ ಸಂಘ. ಸಾಲಗಾರರು ಸುಮಾರು 600 ಜನ, ಜಾಸ್ತಿ ಅಡಿಕೆ ಬೆಳೆಗಾರರೇ. ಪ್ರತಿ ವರ್ಷ 140 ಜನರಾದರೂ ಗಡುವು ಮೀರಿಸಿ ಸುಸ್ತಿದಾರರಾಗುತ್ತಿದ್ದರು. "ಚೀಟಿ ಬರೆದರೆ ಸಾಲ ವಸೂಲಿ ಆಗುತ್ತಾ?" ಎಂದು ಕೇಳಿದವರೇ ಈಗ ನಮೂನೆ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಬ್ಬ ಹಿರಿಯ ಸದಸ್ಯರಿಂದ. ರಿಜಿಸ್ಟರ್ ನೋಟಿಸು ಹಿಡಿದು ಆಫೀಸಿಗೆ ಬಂದರು. ಕವರ್ ಒಡೆದೇ ಇರಲಿಲ್ಲ. "ತಮ್ಮಾ, ಇದರಲ್ಲಿ ಏನಿದೆ ಓದಿ ಹೇಳು. ಕೋರ್ಟಿಂದು ಅಂತ ಹೆದರಿ ಎಂಟು ದಿನದಿಂದ ದೇವರ ಗೂಡಲ್ಲಿ ಇಟ್ಟಿದ್ದೆ" ಅಂದರು. ಒಡೆದು ನೋಡಿದೆ. 'ತಮಗೆ ತಿಳಿಯಪಡಿಸುವುದೇನೆಂದರೆ' ಎಂದು ಶುರುವಾಗಿ 'ತಪ್ಪಿದಲ್ಲಿ ಕಾನೂನು ರೀತ್ಯಾ ಕ್ರಮ ಜರುಗಿಸಲಾಗುವುದು' ಎಂದು ಮುಗಿಯುವ ಒಂದೇ ಒಂದು ವಾಕ್ಯ. ಎಷ್ಟು ಕಟ್ಟಬೇಕು ಅನ್ನೋದು ಒಂಬತ್ತನೇ ಸಾಲಿನಲ್ಲಿತ್ತು. ಕೆಳಗೆ ನನ್ನ ಸಹಿ. ಅವರು ದುಡ್ಡನ್ನು ಜೇಬಲ್ಲೇ ತಂದಿದ್ದರು.

ಆಮೇಲೆ ಜನ ಯಾಕೆ ಹೀಗೆ ನಡೆದುಕೊಳ್ಳುತ್ತಾರೆ ಅನ್ನೋ ನಡವಳಿಕೆ ವಿಜ್ಞಾನದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 2010ರಲ್ಲಿ ಬ್ರಿಟನ್ ಸರ್ಕಾರ ಇದಕ್ಕೇ ಅಂತ ಒಂದು ತಂಡ ಕಟ್ಟಿತ್ತು. ತೆರಿಗೆ ಬಾಕಿ ಪತ್ರದಲ್ಲಿ 'ಹೆಚ್ಚಿನವರು ಹೊತ್ತಿಗೆ ಸರಿಯಾಗಿ ಕಟ್ಟುತ್ತಾರೆ' ಎಂಬ ಸಾಲು ಸೇರಿಸಿದ್ದಕ್ಕೇ ಕಟ್ಟುವವರು ಹೆಚ್ಚಾದರು.

ನಾನು ಅದನ್ನೇ ಉಲ್ಟಾ ಮಾಡಿ ಕೆಟ್ಟೆ. 'ಈ ಸಾಲಿನಲ್ಲಿ 140 ಜನ ಸುಸ್ತಿದಾರರು' ಎಂದು ಬೋರ್ಡಿಗೆ ಹಾಕಿಸಿದೆ. ನಾಚಿಕೆಯಾಗಿ ಕಟ್ಟುತ್ತಾರೆ ಅಂದುಕೊಂಡರೆ, "ನಾನೊಬ್ಬನೇ ಅಲ್ವಲ್ಲ" ಎಂದು ಸಮಾಧಾನ ಮಾಡಿಕೊಂಡರು. ಆ ವರ್ಷ ವಸೂಲಿ ಇನ್ನೂ ಇಳಿಯಿತು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ಒಂದು ಕಾಡಿದೆ. 'ತುಂಬಾ ಜನ ಚೂರು ಕದ್ದೊಯ್ಯುತ್ತಿದ್ದಾರೆ' ಎಂದು ಬೋರ್ಡು ಹಾಕಿ ನೋಡಿದಾಗ ಅಲ್ಲೂ ಕಳವು ಜಾಸ್ತಿಯೇ ಆಯಿತು. ಇದನ್ನು ನಾನು ಓದಿದ್ದು ಎಲ್ಲ ಆದ ಮೇಲೆ.

ಮುಂದಿನ ವರ್ಷ ಹೊತ್ತಿಗೆ ಕಟ್ಟಿದವರಿಗೆ ಒಂದೊಂದು ಕೊಡೆ ಎಂದೆ. ರಾಜಸ್ಥಾನದ ಉದಯಪುರದ ಕಡೆ ಮಕ್ಕಳಿಗೆ ಲಸಿಕೆ ಹಾಕಿಸಿದವರಿಗೆ ಒಂದು ಕೆಜಿ ಬೇಳೆ ಕೊಟ್ಟು ಒಳ್ಳೇ ಫಲ ಕಂಡಿದ್ದರು. ನಾನು 100 ಕೊಡೆ ತರಿಸಿದೆ, 18 ಸಾವಿರ ಚಿಲ್ಲರೆ ಆಯಿತು. ಹೇಗೂ ಕಟ್ಟುವವರೇ ಬಂದು ಒಯ್ದರು. ಮಹಾಸಭೆಯಲ್ಲಿ ಆ ಖರ್ಚಿಗೆ ಉತ್ತರ ಕೊಡೋಕೆ ಅರ್ಧ ಗಂಟೆ ಬೇಕಾಯಿತು.

ಗೆದ್ದಿದ್ದು ಅರ್ಧ ಹಾಳೆಯ ಚೀಟಿ. ಮೇಲೆ ದಪ್ಪ ಅಕ್ಷರದಲ್ಲಿ ಮೊತ್ತ, ಅದರ ಕೆಳಗೆ ತಾರೀಕು ಮತ್ತು ವಾರ. ಮೊದಲು 'ಹೊತ್ತಿಗೆ ಕಟ್ಟಿದರೆ ಬಡ್ಡಿ ಇಲ್ಲ' ಎಂದು ಬರೆಯುತ್ತಿದ್ದೆವು. ಈಗ 'ಈ ತಾರೀಕು ದಾಟಿದರೆ ಸೊನ್ನೆ ಬಡ್ಡಿ ಸವಲತ್ತು ಹೋಗುತ್ತದೆ, ನಿಮ್ಮ ಕೈಯಿಂದ 6,800 ರೂಪಾಯಿ ಜಾಸ್ತಿ ಬೀಳುತ್ತದೆ' ಎಂದು ಪ್ರತಿಯೊಬ್ಬರದೂ ಲೆಕ್ಕ ಹಾಕಿ ಬರೆಯುತ್ತೇವೆ. ಬರುವ ನೂರಕ್ಕಿಂತ ಹೋಗುವ ನೂರು ಜಾಸ್ತಿ ಉರಿಸುತ್ತದೆ. ಆಮೇಲೆ 'ನಿಮ್ಮ ಊರಿನ 31 ಜನರಲ್ಲಿ 24 ಜನ ಕಟ್ಟಿಯಾಗಿದೆ' ಎಂಬ ಸಾಲು. ಈ ಅಂಕಿ ನಿಜವೇ ಇರಬೇಕು. ಊರಲ್ಲಿ ಯಾರು ಕಟ್ಟಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತು. ಎರಡು ಊರಲ್ಲಿ ಅರ್ಧ ಜನವೂ ಕಟ್ಟಿರಲಿಲ್ಲ, ಅಲ್ಲಿಗೆ ಆ ಸಾಲು ಬಿಟ್ಟೆ.

ಕೊನೆಗೆ 'ನಾನು ___ನೇ ತಾರೀಕು ಬರುತ್ತೇನೆ' ಎಂದು ಖಾಲಿ ಜಾಗ. ಅವರ ಕೈಯಲ್ಲೇ ಬರೆಸಬೇಕು, ಚೀಟಿ ಅವರ ಮನೆಯಲ್ಲೇ ಉಳಿಯಬೇಕು. ಎಷ್ಟೋ ಮನೆಯಲ್ಲಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದನ್ನು ನೋಡಿದ್ದೇನೆ. ಕೊಡುವ ಹೊತ್ತನ್ನೂ ಬದಲಿಸಿದೆ. ಗಡುವಿನ ಕೊನೇ ವಾರದ ಬದಲು ಅಡಿಕೆ ಮಾರಿ ದುಡ್ಡು ಕೈಗೆ ಬಂದ ವಾರ. ಚೀಟಿಯನ್ನು ಯಾರ ಕೈಲಿ ಕಳಿಸುತ್ತೇನೆ, ಬಾಗಿಲಲ್ಲಿ ನಿಂತು ಅವರು ಮೊದಲು ಏನು ಕೇಳುತ್ತಾರೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಹಳದಿ ಕವರ್ ಮಾಡಿಸಿ ನೋಡಿದೆ. ಒಂದೂವರೆ ಸಾವಿರ ಸುಮ್ನೆ ಹೋಯಿತು. ಆದರೆ ವಾಟ್ಸಾಪಿನಲ್ಲಿ ನಮ್ಮ ಅಟೆಂಡರ್ ದನಿಯಲ್ಲಿ ಕಳಿಸಿದ ಅರ್ಧ ನಿಮಿಷದ ಮಾತನ್ನು ಮನೆಯ ಹೆಂಗಸರು ಕೇಳಿಸಿಕೊಂಡರು. ಅದನ್ನು ಮುಂದುವರಿಸಿದ್ದೇನೆ.

"ಅಡಿಕೆ ರೇಟು ಚೆನ್ನಾಗಿತ್ತು, ಅದಕ್ಕೆ ಕಟ್ಟಿದರು" ಎಂದು ಒಬ್ಬ ನಿರ್ದೇಶಕರು ಪಟ್ಟು ಹಿಡಿದರು. ಸರಿ, ಮರುವರ್ಷ ಆ 140 ಜನರನ್ನು ಖಾತೆ ನಂಬರಿನ ಮೇಲೆ ಎರಡು ಪಾಲು ಮಾಡಿದೆ. ಬೆಸ ನಂಬರಿನವರಿಗೆ ಹಳೇ ನೋಟಿಸು, ಸರಿ ನಂಬರಿನವರಿಗೆ ಚೀಟಿ. ರೇಟು ಇಬ್ಬರಿಗೂ ಒಂದೇ ಅಲ್ವಾ? ಗಡುವಿನೊಳಗೆ ಕಟ್ಟಿದವರು ನೋಟಿಸಿನವರಲ್ಲಿ 20ರ ಹತ್ತಿರ, ಚೀಟಿಯವರಲ್ಲಿ 50ರ ಮೇಲೆ. ಆ ನಿರ್ದೇಶಕರೇ ಮುಂದಿನ ಸಭೆಯಲ್ಲಿ ಎಲ್ಲರಿಗೂ ಚೀಟಿ ಎಂದು ಸೂಚಿಸಿದರು. ಹೋದ ವರ್ಷ ಸುಸ್ತಿ 40ಕ್ಕೆ ಇಳಿಯಿತು. ರಿಜಿಸ್ಟರ್ ಅಂಚೆ ಖರ್ಚೂ ಮೂರರಲ್ಲಿ ಒಂದು ಪಾಲಾಯಿತು. ಚೀಟಿಗೂ ಬಗ್ಗದವರಿಗೆ ಕಾನೂನು ನೋಟಿಸು ಕಳಿಸಲೇಬೇಕು, ಅದನ್ನು ಬಿಟ್ಟಿಲ್ಲ.

ಈಗ ಜಾಮೀನುದಾರರಿಗೆ ಹೋಗುವ ಪತ್ರ ಎತ್ತಿಕೊಂಡಿದ್ದೇನೆ. ಅದು ಇನ್ನೂ ಹನ್ನೊಂದು ಸಾಲಿದೆ.