ಅಲಾಟ್‌ಮೆಂಟಿನ ಈರುಳ್ಳಿ ಕೊಳೆಯದಂತೆ ಒಣಗಿಸುವುದು ಹೇಗೆ?

ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟ್ ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಾಗ. ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್. ಆಗಸ್ಟ್‌ನಲ್ಲಿ ಅಲ್ಲಿ ಎಲ್ಲರೂ ಬುಟ್ಟಿ ತುಂಬಾ ಈರುಳ್ಳಿ ಹೊತ್ತು ಹೋಗುತ್ತಾರೆ. ನವೆಂಬರ್‌ನಲ್ಲಿ ಅದೇ ಈರುಳ್ಳಿ ಕೊಳೆತು ಕಸಕ್ಕೆ ಹೋಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಬೆಳೆಯುವಾಗ ತಪ್ಪಾಗಿರುವುದಿಲ್ಲ. ಒಣಗಿಸುವಾಗ ಆಗಿರುತ್ತದೆ.

ಮೊದಲು ಎಲೆ ನೋಡಿ. ಅವು ಹಳದಿಯಾಗಿ ತಾವಾಗೇ ಮಲಗಬೇಕು. ಬೇಗ ಆಗಲಿ ಅಂತ ಕೆಲವರು ಕೈಯಲ್ಲಿ ಬಗ್ಗಿಸುತ್ತಾರೆ. ಹಾಗೆ ಮಾಡಲೇಬೇಡಿ. ಕುತ್ತಿಗೆಗೆ, ಅಂದರೆ ಎಲೆ ಗಡ್ಡೆಗೆ ಸೇರುವ ಜಾಗಕ್ಕೆ, ಗಾಯವಾದರೆ ಬೂಷ್ಟು ಅಲ್ಲಿಂದಲೇ ಒಳಗೆ ಇಳಿಯುತ್ತದೆ.

ಎಲೆ ಮಲಗಿದ ಮೇಲೆ ನೀರು ಬೇಡ. ಮಳೆಯಿಲ್ಲದ ದಿನ ನೋಡಿ, ಗಡ್ಡೆಯಿಂದ ಒಂದು ಗೇಣು ದೂರದಲ್ಲಿ ಮಣ್ಣು ಅಗೆಯುವ ಫೋರ್ಕ್ ಇಳಿಸಿ ಮೆಲ್ಲಗೆ ಎತ್ತಿ. ಎಲೆಯ ತಂಪಿನಲ್ಲಿ ಕಪ್ಪೆಗಳು ಕೂತಿರುತ್ತವೆ. ಮೊದಲು ಎಲೆ ಸರಿಸಿ ನೋಡಿಕೊಳ್ಳಿ.

ಈಗ ಕಷ್ಟದ ಭಾಗ. ನಮ್ಮ ಗದಗದ ಬಿಸಿಲು ಇಲ್ಲಿ ಎಲ್ಲಿಂದ ಬರಬೇಕು? ಇಲ್ಲಿಯದು ತೆಳು ಬಿಸಿಲು, ಮಳೆ ಯಾವಾಗ ಬೇಕಾದರೂ ಬರುತ್ತದೆ. ಅದಕ್ಕೇ ಮೇಲೆ ಸೂರು ಇರಬೇಕು, ನಾಲ್ಕೂ ಕಡೆಯಿಂದ ಗಾಳಿ ಆಡಬೇಕು. ಬಾಗಿಲು ಮುಚ್ಚಿದ ಶೆಡ್ ಬೇಡ. ನಾನು ಹಣ್ಣಿನ ಕ್ರೇಟುಗಳನ್ನು ಬೋರಲು ಹಾಕಿ, ಅದರ ಮೇಲೆ ಒಂದೇ ಸಾಲಾಗಿ ಹರಡುತ್ತೇನೆ. ಒಂದರ ಮೇಲೊಂದು ಪೇರಿಸಬಾರದು, ತೊಳೆಯಬಾರದು, ಹಸಿರು ಎಲೆ ಕತ್ತರಿಸಬಾರದು. ಎರಡು ಮೂರು ವಾರ ಹಿಡಿಯುತ್ತದೆ. ಓವನ್‌ನಲ್ಲಿ ಬಿಸಿ ಮಾಡಿ ಮುಗಿಸುವವರನ್ನೂ ನೋಡಿದ್ದೇನೆ. ಅದು ಒಣಗುವುದಲ್ಲ, ಬೇಯುವುದು.

ಒಣಗಿತೋ ಇಲ್ಲವೋ ಅನ್ನುವುದು ಸಿಪ್ಪೆಯ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ. ಕುತ್ತಿಗೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿ. ಒಳಗೆ ಏನೋ ಜಾರಿದ ಹಾಗಾದರೆ ಇನ್ನೂ ಹಸಿ ಇದೆ. ಹಳೇ ಪೇಪರ್ ಹಾಗೆ ಸರಸರ ಅಂದರೆ ಆಯಿತು. ಒಂದೊಂದನ್ನೂ ಹೀಗೇ ನೋಡಿ. ಕುತ್ತಿಗೆ ಕೊಳೆ ರೋಗ ಈಗ ಕಣ್ಣಿಗೆ ಬೀಳುವುದಿಲ್ಲ ಅಲ್ವಾ, ಎರಡು ಮೂರು ತಿಂಗಳಾದ ಮೇಲೆ ಮೇಲ್ಭಾಗ ಮೆತ್ತಗಾಗಿ ಬೂದು ಬೂಷ್ಟು ಕಾಣುತ್ತದೆ. ದಪ್ಪ ಕುತ್ತಿಗೆಯವನ್ನು ಇಡಲು ಹೋಗಬೇಡಿ, ಮೊದಲು ಸಾರಿಗೆ ಹಾಕಿ.

ಆಮೇಲೆ ಜಡೆ ಹೆಣೆದು ತಂಪಾದ ಕಡೆ ತೂಗುಹಾಕಿ. ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ ಹಾಕಬೇಡಿ.

ನೆಟ್ ಕಟ್ಟಿ ಅದರ ಮೇಲೆ ಒಣಗಿಸುವವರು ಜಾಸ್ತಿ. ಬಿಗಿಯಾಗಿ, ನೆಲದಿಂದ ಒಂದಡಿ ಮೇಲೆ ಕಟ್ಟಿ. ಬಟಾಣಿ ಕಿತ್ತ ಮೇಲೆ ಅದರ ಬಳ್ಳಿ ಹಬ್ಬಿಸಿದ್ದ ನೆಟ್ಟನ್ನೂ ಸುತ್ತಿ ಎತ್ತಿಡಿ. ಹಾಗೇ ನೆಲದಲ್ಲಿ ಬಿಟ್ಟಿದ್ದ ನೆಟ್ಟಿನಲ್ಲಿ ಒಂದು ಬೆಳಗ್ಗೆ ಹೆಡ್ಜ್‌ಹಾಗ್ ಸಿಕ್ಕಿಕೊಂಡಿತ್ತು. ಸುರುಟಿಕೊಂಡರೆ ತೆಂಗಿನಕಾಯಿಯಷ್ಟು ಇರುವ, ಮೈಯೆಲ್ಲ ಮುಳ್ಳಿನ ಪ್ರಾಣಿ ಅದು. ಹಿಂಗಾಲಿಗೆ ದಾರ ಮೂರು ಸುತ್ತು ಬಿಗಿದಿತ್ತು, ಉಸಿರು ಬುಸುಬುಸು ಅನ್ನುತ್ತಿತ್ತು. ಇಂಥಾಗ ದಾರ ಕತ್ತರಿಸಿ ಅಲ್ಲೇ ಬಿಟ್ಟುಬಿಡಬೇಡಿ. ರಕ್ತ ಹರಿಯದೆ ಆದ ಗಾಯ ಕೆಲವು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ. ದಪ್ಪ ಕೈಗವಸು ಹಾಕಿ, ರಟ್ಟಿನ ಡಬ್ಬಿಯಲ್ಲಿಟ್ಟು ವನ್ಯಜೀವಿ ಆರೈಕೆ ಕೇಂದ್ರಕ್ಕೆ ಒಯ್ಯಿರಿ. ಹಾಲು ಕೊಡಬೇಡಿ, ಅದಕ್ಕೆ ಜೀರ್ಣವಾಗುವುದಿಲ್ಲ. ಚಳಿಗಾಲದ ನಿದ್ದೆಗೆ ಮೊದಲು ಅದು ಹೊಟ್ಟೆ ತುಂಬಾ ಹುಳ ತಿಂದು ದಪ್ಪಗಾಗಬೇಕು. ಆದ್ದರಿಂದ ಗೊಂಡೆಹುಳಕ್ಕೆ (ಚಿಪ್ಪಿಲ್ಲದ ಬಸವನಹುಳ) ಹಾಕುವ ಹಳೇ ಮೆಟಾಲ್ಡಿಹೈಡ್ ವಿಷದ ಗುಳಿಗೆ ಶೆಡ್‌ನಲ್ಲಿ ಉಳಿದಿದ್ದರೆ ಮುಟ್ಟಬೇಡಿ. 2022ರ ವಸಂತದಿಂದ ಬ್ರಿಟನ್ನಿನಲ್ಲಿ ಹೊರಗಡೆ ಅದರ ಬಳಕೆ ನಿಷೇಧ. ಕೌನ್ಸಿಲ್‌ನ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟುಬಿಡಿ.

ಒಣಗಿದ ಎಲೆ ಕಾಂಪೋಸ್ಟ್ ಗುಡ್ಡೆಯ ಮೇಲೆ ಸುಮ್ನೆ ಹರಡಿ. ಗುಡ್ಡೆ ಮಗುಚಲು ಹೋಗಬೇಡಿ. ಒಳಗಿನ ಬಿಸಿಗೆ ಗ್ರಾಸ್ ಸ್ನೇಕ್ ಅನ್ನುವ ವಿಷವಿಲ್ಲದ ಹಾವು ಅಲ್ಲಿ ಮೊಟ್ಟೆ ಇಡುತ್ತದೆ. ಬಿಳಿ ಬಣ್ಣ, ಚರ್ಮದಂಥ ಸಿಪ್ಪೆ, ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಪೆನ್ಸಿಲ್ ಉದ್ದದ ಮರಿಗಳು ಹೊರಗೆ ಬರುತ್ತವೆ. ಅವು ಹೋಗುವವರೆಗೆ ಫೋರ್ಕ್ ಶೆಡ್‌ನಲ್ಲೇ ಇರಲಿ.