ಹೊಳೆಯ ಸುದ್ದಿ ಬಾಳೆ ಮೀನಿಗೆ ಗೊತ್ತು

ಹೊಳೆ ನೀರನ್ನು ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸಿದರೆ ಆ ಹೊತ್ತಿನ ಸುದ್ದಿ ಮಾತ್ರ ಸಿಗುತ್ತದೆ. ಹಿಂದಿನ ರಾತ್ರಿ ಏನು ಹರಿದು ಹೋಯಿತು, ಹೋದ ಮಳೆಗಾಲದಲ್ಲಿ ಏನು ಬಂತು ಅನ್ನೋದು ಅದರಲ್ಲಿ ಇರುವುದಿಲ್ಲ. ಪಾದರಸವಂತೂ ನೀರಿನಲ್ಲಿ ಎಷ್ಟು ಕಡಿಮೆ ಇರುತ್ತದೆ ಅಂದರೆ ಸಾಧಾರಣ ಯಂತ್ರಕ್ಕೆ ಸಿಗುವುದೇ ಇಲ್ಲ. ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಭೀಮಾ ನದಿಯ ಆರೋಗ್ಯ ನೋಡಲು ಹೊರಟಾಗ ಮೊದಲು ಹುಡುಕಿದ್ದು ಮೀನು ತಿನ್ನುವ ಮೀನನ್ನು. ನೀರಿಗೆ ಬಂದ ವಿಷ ಅದರ ಮೈಯಲ್ಲಿ ಕೂಡಿಕೊಂಡಿರುತ್ತದೆ.

ಈ ದಾರಿ ಕಡಲಿನವರು ಹಾಕಿಕೊಟ್ಟಿದ್ದು. ಜಪಾನಿನ ಮಿನಮಾಟಾ ಕೊಲ್ಲಿಯ ಪಾದರಸದ ಕಾಯಿಲೆ 1956ರಲ್ಲಿ ಹೊರಜಗತ್ತಿಗೆ ಗೊತ್ತಾಯಿತು. ಆದರೆ ಅಲ್ಲಿನ ಬೆಕ್ಕುಗಳು ಅದಕ್ಕೂ ಮೊದಲೇ ಕೊಲ್ಲಿಯ ಮೀನು ತಿಂದು ನಡುಗುತ್ತಾ ಸಾಯುತ್ತಿದ್ದವು. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಅನಕಾಪಾ ದ್ವೀಪದಲ್ಲಿ ಹೆಜ್ಜಾರ್ಲೆಗಳು ಕಾವಿಗೆ ಕೂತರೆ ಮೊಟ್ಟೆ ಒಡೆದುಹೋಗುತ್ತಿದ್ದವು. ತಿಂದ ಮೀನಿನಲ್ಲಿದ್ದ ಡಿಡಿಟಿ ಎಂಬ ಕೀಟನಾಶಕದಿಂದ ಚಿಪ್ಪು ತೆಳುವಾಗಿತ್ತು. ಈಗ ಶಾರ್ಕ್, ಟ್ಯೂನಾ, ಸೀಲ್, ಕಡಲಹಕ್ಕಿಗಳ ಗರಿ ಎಲ್ಲವನ್ನೂ ಕಡಲಿನ ವಿಷ ಪತ್ತೆಮಾಡಲು ಬಳಸುತ್ತಾರೆ.

ಲೆಕ್ಕ ಸರಳ. ಗಾಳಿ ಸಿಗದ ಕೆಸರಿನಲ್ಲಿ ಬ್ಯಾಕ್ಟೀರಿಯಾ ಪಾದರಸವನ್ನು ಜೀವಿಗಳ ಮೈಗೆ ಸುಲಭವಾಗಿ ಸೇರುವ ಮೀಥೈಲ್ ಪಾದರಸ ಮಾಡುತ್ತವೆ. ಅದು ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಸಣ್ಣ ಮೀನಿಗೆ ಹೋಗುತ್ತದೆ. ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ, ಮೆಟ್ಟಿಲು ಏರಿದಂತೆ ಕೂಡುತ್ತಾ ಹೋಗುತ್ತದೆ. ಕೊನೆಗೆ ದೊಡ್ಡ ಬೇಟೆಗಾರ ಮೀನಿನಲ್ಲಿ ನೀರಿಗಿಂತ ಹತ್ತು ಲಕ್ಷ ಪಟ್ಟು ಜಾಸ್ತಿ ಇರಬಹುದು.

ಭೀಮೆಯಲ್ಲಿ ಆ ಜಾಗದಲ್ಲಿರುವುದು ಬಾಳೆ ಮೀನು ಮತ್ತು ಮರಲ್ ಎಂಬ ಇನ್ನೊಂದು ಬೇಟೆಗಾರ ಮೀನು. ಅಫಜಲಪುರ ಕಡೆಯ ಮೀನುಗಾರರ ಹತ್ತಿರ ಕೇಳಿದೆ. ಹಿರಿಯರೊಬ್ಬರು, "ತಿನ್ಲಾಕ ಅಲ್ಲಾಂದ್ರ ಇಷ್ಟ್ ದೊಡ್ಡ ಮೀನಾ ಯಾಕ್ರಿ ಸರ್?" ಅಂದರು. ವಿಷಯ ಹೇಳಿದ ಮೇಲೆ ಅವರೇ ಮೀನು ಬಿದ್ದ ಜಾಗ ತೋರಿಸಲು ಬಂದರು.

ಇಲ್ಲಿ ಎರಡು ವಿಷಯ ಗೊತ್ತಿಲ್ಲದಿದ್ದರೆ ಎಲ್ಲ ಕೆಲಸ ಸುಮ್ನೆ ದಂಡ: ಮೀನಿನ ವಯಸ್ಸು, ಮೀನಿನ ವಿಳಾಸ, ಅಂದರೆ ಅದು ಬದುಕಿದ ಜಾಗ. ವಯಸ್ಸಾದ ಮೀನಿನಲ್ಲಿ ಪಾದರಸ ಜಾಸ್ತಿ ಇದ್ದೇ ಇರುತ್ತದೆ. ಒಂದು ಕಡೆಯ ದೊಡ್ಡ ಮೀನನ್ನು ಇನ್ನೊಂದು ಕಡೆಯ ಮರಿಯ ಜೊತೆ ಹೋಲಿಸಿ "ಇಲ್ಲಿ ನೀರು ಕೆಟ್ಟಿದೆ" ಅನ್ನೋದು ನ್ಯಾಯವಲ್ಲ. ಹಾಗಾಗಿ ಮೂತಿಯಿಂದ ಬಾಲದ ತನಕ ಉದ್ದ, ತೂಕ, ಜಾಗ, ತಾರೀಕು ದಂಡೆಯಲ್ಲೇ ಬರೆದುಕೊಳ್ಳುತ್ತೇನೆ. ಬೆನ್ನೆಲುಬಿನ ಒಂದು ಮಣಿ ತೆಗೆದು ಬಿಸಿನೀರಿನಲ್ಲಿ ತೊಳೆದು ಲೆನ್ಸ್ ಕೆಳಗಿಟ್ಟರೆ ಮರದ ಕಾಂಡದಲ್ಲಿರುವ ಹಾಗೆ ಬಳೆಗಳು ಕಾಣುತ್ತವೆ. ನಮ್ಮ ಬಿಸಿ ಸೀಮೆಯಲ್ಲಿ ಅವು ಅಷ್ಟು ಸ್ಪಷ್ಟವಿಲ್ಲ, ಅದಕ್ಕೆ ಉದ್ದವನ್ನೇ ಹೆಚ್ಚು ನಂಬುತ್ತೇನೆ. ವಿಳಾಸಕ್ಕೆ ಭೀಮೆಗೆ ಅಡ್ಡಲಾಗಿ ಕಟ್ಟಿದ ಸೊನ್ನ ಬ್ಯಾರೇಜ್ ಅನುಕೂಲ. ಗೇಟು ಹಾಕಿದಾಗ ಮೇಲಿನ ಮೀನು ಮೇಲೆ, ಕೆಳಗಿನದು ಕೆಳಗೆ.

ಮಾಂಸ ತೆಗೆಯುವುದು ಬೆನ್ನಿನ ರೆಕ್ಕೆಯ ಕೆಳಗೆ, ಯಾವಾಗಲೂ ಅದೇ ಜಾಗದಲ್ಲಿ. ಚರ್ಮ ಸುಲಿದು, ಒಳಗಿನ ಚೂರು ಮಾತ್ರ ಹೊಸ ಪ್ಲಾಸ್ಟಿಕ್ ಚೀಲಕ್ಕೆ. ನಮ್ಮ ಬೇಸಿಗೆಯಲ್ಲಿ ಐಸ್ ಡಬ್ಬಿ ಇಲ್ಲದೆ ಹೊರಡಲೇಬಾರದು. ಕಾಲೇಜಿಗೆ ಬಂದ ಕೂಡಲೇ ಫ್ರೀಜರ್‌ಗೆ, ಆಮೇಲೆ ಪಾದರಸ ಅಳೆಯುವ ಯಂತ್ರವಿರುವ ಹೊರಗಿನ ಲ್ಯಾಬಿಗೆ.

ಮೀನು ತಿನ್ನುವ ಹಕ್ಕಿಯಾದ ನೀರುಕಾಗೆಯ ಉದುರಿದ ಗರಿಯನ್ನೂ ಬಳಸಬಹುದು. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಗರಿ ಬೆಳೆಯುವಾಗ ರಕ್ತದಿಂದ ಬಂದ ಪಾದರಸ ಅದರಲ್ಲೇ ಉಳಿದುಬಿಡುತ್ತದೆ. ಹೊರಗಿನ ಧೂಳು ಹೋಗಲು ಅಸಿಟೋನ್‌ನಲ್ಲಿ ತೊಳೆಯಬೇಕು. ಆದರೆ ಬೆಳೆದ ಹಕ್ಕಿ ಎಲ್ಲೆಲ್ಲೋ ತಿಂದು ಬಂದಿರುತ್ತದೆ. ಗೂಡಿನ ಕೆಳಗೆ ಸಿಗುವ ಮರಿಯ ಗರಿಯೇ ಮೇಲು, ತಂದೆತಾಯಿ ಹತ್ತಿರದ ಮೀನನ್ನೇ ತಂದು ಉಣಿಸಿರುತ್ತವೆ ಅಲ್ವಾ.

ಮೀನಿನ ಪಾದರಸದ ಫಲಿತಾಂಶವನ್ನು ಉದ್ದದ ಎದುರಿಗೆ ಗುರುತು ಹಾಕಿದಾಗ ಗೆರೆ ಮೇಲೇರುತ್ತಾ ಹೋಯಿತು, ಅಂದರೆ ಉದ್ದ ಹೆಚ್ಚಿದಂತೆ ಪಾದರಸವೂ ಹೆಚ್ಚು. ಅದೇ ಉದ್ದದ ಮೀನುಗಳನ್ನು ಬ್ಯಾರೇಜಿನ ಎರಡೂ ಬದಿಯಿಂದ ತಂದು ಹೋಲಿಸುವುದೇ ಈಗ ನನ್ನ ಮುಖ್ಯ ಕೆಲಸ.

ಮೀನು ಮಾರುವ ಅಕ್ಕ ಒಬ್ಬರು ಕೇಳಿದರು, "ಚಲೋ ತೊಳ್ದು ಹುಣಸೆಹುಳಿ ಹಾಕಿ ಕುದಿಸಿದ್ರ ಹೋಗ್ತದೇನ್ರಿ?" ಪಾದರಸ ಹಾಗೆ ಹೋಗುವುದಿಲ್ಲ. ಡಿಡಿಟಿಯಂಥದ್ದು ಕೊಬ್ಬಿನಲ್ಲಿರುತ್ತದೆ, ಚರ್ಮ ಮತ್ತು ಹೊಟ್ಟೆಯ ಕೊಬ್ಬು ತೆಗೆದರೆ ಸ್ವಲ್ಪ ಕಡಿಮೆಯಾಗುತ್ತದೆ. ಪಾದರಸ ಮಾಂಸಕ್ಕೇ ಅಂಟಿರುತ್ತದೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ದೊಡ್ಡ ಬಾಳೆ ಮೀನು ಪದೇಪದೇ ಬೇಡ, ರೋಹು, ಕಾಟ್ಲಾ ಕೊಡಿ ಅಂತ ಹೇಳಿದೆ. ಈಗ ಆ ಅಕ್ಕ ಗಿರಾಕಿಗಳಿಗೂ ಅದನ್ನೇ ಹೇಳುತ್ತಾರೆ. ದೊಡ್ಡ ಬಾಳೆ ಬಂದ ದಿನ ನನಗೂ ಫೋನ್ ಮಾಡುತ್ತಾರೆ.